ಎಲೆಯ ಸತ್ವವೂ ಅದರ ವೈರಿಯೂ: ದಿವಂಗತ ಡಾ. ಯೆಲ್ಲಾಪ್ರಗಡ ಸುಬ್ಬರಾಯರ ಜೀವನ

ಮುದಗಲ್ಲಿನಿಂದ ನಮ್ಮ ವಾಚಕರೊಬ್ಬರು ಕಳೆದ ವಾರ ಒಂದು ಪತ್ರವನ್ನು ಬರೆದಿರುವರು. ಅವರ ಬಂಧುಗಳ ಮನೆಯ ಬಾಲಕನೊಬ್ಬನಿಗೆ ರಕ್ತದ ಅರ್ಬುದರೋಗ, ಎಂದರೆ ಈಗ ಎಲ್ಲರ ಬಾಯಲ್ಲಿಯೂ ಬ್ಲಡ್ ಕ್ಯಾನ್ಸರ್ ಎಂದು ಕರೆಯಿಸಿಕೊಳ್ಳುವ ವ್ಯಾಧಿ, ಅಂಟಿಕೊಂಡಿರುವುದಾಗಿ ವೈದ್ಯರು ನಿರ್ಣಯಿಸಿರುವರು. ಚಿಕಿತ್ಸೆ ಆರಂಭವಾಗಿ ಎರಡು ತಿಂಗಳಾಗಿವೆ. ಹುಡುಗನ ಕೂದಲು ಉದುರಿದೆ. ಬಾಯಿ ಹುಣ್ಣಾಗಿ ಅನ್ನ ಇಳಿಯದಾಗಿದೆ. ಇದನ್ನು ಕಂಡು ಮರುಗಿದ ಮನೆಯ ಹಿರಿಯರು, ಆಸ್ಪತ್ರೆಯದು ವಿಷವೆಂದೂ, ಯಾರೋ ಕೊಡುವ ಎಲೆಯ ರಸವೇ ಅಮೃತವೆಂದೂ, ಚಿಕಿತ್ಸೆಯನ್ನು ನಿಲ್ಲಿಸಿ ಹುಡುಗನನ್ನು ಊರಿಗೆ ಕರೆತರಬೇಕೆಂದೂ ಹಟ ಹಿಡಿದಿರುವರಂತೆ. ಪರದೇಶದ ಔಷಧ ಹೆಚ್ಚೋ, ನಮ್ಮ ನಾಡಿನ ಸೊಪ್ಪು ಹೆಚ್ಚೋ ಎಂಬುದನ್ನು ಸ್ವದೇಶಾಭಿಮಾನಿಯಾದ ಈ ಪತ್ರಿಕೆಯು ತಿಳಿಸಬೇಕೆಂದು ಅವರ ಕೋರಿಕೆ.

ನಾವು ವೈದ್ಯರಲ್ಲ. ಚಿಕಿತ್ಸೆಯ ವಿಷಯದಲ್ಲಿ ಅಪ್ಪಣೆ ಕೊಡುವ ಅಧಿಕಾರ ನಮಗಿಲ್ಲ. ಆದರೆ ಈ ಪ್ರಶ್ನೆಯನ್ನು ತಮ್ಮ ಜೀವಮಾನವೆಲ್ಲ ತಮ್ಮ ಮುಂದಿಟ್ಟುಕೊಂಡು ದುಡಿದ ಭಾರತೀಯರೊಬ್ಬರ ಚರಿತ್ರೆಯನ್ನು ನಾವು ಬಲ್ಲೆವು. ಅವರು ಖಾದಿ ತೊಟ್ಟದ್ದಕ್ಕಾಗಿ ಪದವಿಯನ್ನು ಕಳೆದುಕೊಂಡವರು. ಆಯುರ್ವೇದ ಪಾಠಶಾಲೆಯಲ್ಲಿ ಪಾಠ ಹೇಳಿದವರು. ಆ ಬಳಿಕ ಪರದೇಶಕ್ಕೆ ಹೋಗಿ, ಎಲೆಯಲ್ಲಿ ಅಡಗಿರುವ ಒಂದು ಸತ್ವದ ಬೆನ್ನು ಹತ್ತಿ, ಅರ್ಬುದರೋಗಕ್ಕೆ ಮೊದಲ ಬಾರಿ ತಡೆಯೊಡ್ಡಿದ ಔಷಧಗಳಲ್ಲೊಂದನ್ನು ಜಗತ್ತಿಗೆ ದೊರಕಿಸಿದವರು. ಅವರ ಜೀವನವನ್ನು ಹೇಳುವುದೇ ಮುದಗಲ್ಲಿನ ಮಹನೀಯರಿಗೆ ನಾವು ಕೊಡಬಹುದಾದ ಉತ್ತರವೆಂದು ಭಾವಿಸಿ, ಇಂದಿನ ಅಂಕಣವನ್ನು ದಿವಂಗತ ಡಾ. ಯೆಲ್ಲಾಪ್ರಗಡ ಸುಬ್ಬರಾಯರಿಗೆ ಮೀಸಲಿರಿಸಿರುವೆವು.

ಮುದಗಲ್ಲಿನ ಎರಡು ಪಕ್ಕಕ್ಕೆ ಹರಿಯುವ ಕೃಷ್ಣಾ ತುಂಗಭದ್ರೆಗಳು ಒಂದುಗೂಡಿ ಪೂರ್ವಸಮುದ್ರವನ್ನು ಸೇರುವುದು ತೆಲುಗರ ಸೀಮೆಯಲ್ಲಿ. ಅಲ್ಲಿಂದ ಸ್ವಲ್ಪವೇ ಬಡಗಣಕ್ಕೆ, ಗೋದಾವರಿಯ ಬಯಲಿನಲ್ಲಿ ಭೀಮವರವೆಂಬ ಊರಿದೆ. ಸುಬ್ಬರಾಯರು ಅಲ್ಲಿ ೧೮೯೫ನೆಯ ಇಸವಿ ಜನವರಿ ೧೨ರಂದು ಜನಿಸಿದರು. ತಂದೆ ಜಗನ್ನಾಥರು ಕಂದಾಯ ಇಲಾಖೆಯಲ್ಲಿ ಸಣ್ಣ ಅಧಿಕಾರಿಗಳಾಗಿದ್ದು ಅನಾರೋಗ್ಯದ ನಿಮಿತ್ತ ಅವಧಿಗೆ ಮುಂಚೆಯೇ ಕೆಲಸವನ್ನು ಬಿಡಬೇಕಾಯಿತು. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಬಾಲಕ ಸುಬ್ಬರಾಯನು ಒಮ್ಮೆ ಓದನ್ನೇ ಬಿಟ್ಟು, ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಶ್ರೀಮಂತನಾಗುವೆನೆಂದು ಮನೆಯಿಂದ ಓಡಿದನು. ತಾಯಿ ವೆಂಕಮ್ಮನವರು ಅವನನ್ನು ಹಿಂದಕ್ಕೆ ಕರೆಯಿಸಿಕೊಂಡು, ಮೈಮೇಲಿನ ಒಡವೆಗಳನ್ನು ಮಾರಿ ಓದಿಗೆ ಹಚ್ಚಿದರು. ಆದರೂ ಮೆಟ್ರಿಕ್ಯುಲೇಷನ್ ಪರೀಕ್ಷೆಯು ಅವನಿಗೆ ಕೈಗೂಡಿದ್ದು ಮೂರನೆಯ ಸಲ. ಪರೀಕ್ಷೆಯ ಪಟ್ಟಿಯಲ್ಲಿ ಮಗನ ಹೆಸರು ಕಾಣದೆ ಎದೆಗುಂದುವ ತಂದೆತಾಯಿಗಳು ಈ ಸಂಗತಿಯನ್ನು ನೆನಪಿಡಬಹುದು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ ತರುಣನ ಮನಸ್ಸು ವೈರಾಗ್ಯದ ಕಡೆಗೆ ಹರಿಯಿತು. ರಾಮಕೃಷ್ಣ ಆಶ್ರಮವನ್ನು ಸೇರಿ ಸಂನ್ಯಾಸಿಯಾಗಬೇಕೆಂಬ ಹಂಬಲವುಂಟಾಯಿತು. ತಾಯಿಯು ಒಪ್ಪಲಿಲ್ಲ, ಆಶ್ರಮದವರೂ ವೈದ್ಯವಿದ್ಯೆಯನ್ನು ಕಲಿತು ಜನಸೇವೆ ಮಾಡುವುದೇ ಮೇಲೆಂದು ತಿಳಿಯಹೇಳಿದರು. ಹೀಗಾಗಿ ಸುಬ್ಬರಾಯರು ಮದರಾಸಿನ ಮೆಡಿಕಲ್ ಕಾಲೇಜನ್ನು ಸೇರಿದರು. ಓದಿನ ವೆಚ್ಚಕ್ಕೆ ಗೆಳೆಯರೂ, ಕಸ್ತೂರಿ ಸೂರ್ಯನಾರಾಯಣಮೂರ್ತಿಗಳೆಂಬ ಸದ್ಗೃಹಸ್ಥರೂ ನೆರವಾದರು. ಮೂರ್ತಿಗಳ ಮಗಳು ಶೇಷಗಿರಿಯವರನ್ನೇ ಸುಬ್ಬರಾಯರು ೧೯೧೯ರಲ್ಲಿ ಮದುವೆಯಾದರು.

ಆ ದಿನಗಳಲ್ಲಿ ಗಾಂಧೀಜಿಯವರ ಕರೆಯು ದೇಶವನ್ನೆಲ್ಲ ವ್ಯಾಪಿಸಿದ್ದಿತು. ಸುಬ್ಬರಾಯರು ವಿಲಾಯತಿ ಬಟ್ಟೆಯನ್ನು ತ್ಯಜಿಸಿ, ಶಸ್ತ್ರಚಿಕಿತ್ಸೆಯ ಕೊಠಡಿಗೂ ಖಾದಿಯ ನಿಲುವಂಗಿಯನ್ನೇ ತೊಟ್ಟು ಹೋದರು. ಶಸ್ತ್ರಚಿಕಿತ್ಸೆಯ ಆಂಗ್ಲ ಪ್ರಾಧ್ಯಾಪಕರಿಗೆ ಇದು ಸಹಿಸಲಿಲ್ಲ. ಬರವಣಿಗೆಯ ಪರೀಕ್ಷೆಗಳಲ್ಲಿ ಚೆನ್ನಾಗಿ ಉತ್ತರಿಸಿದ್ದರೂ ಅವರಿಗೆ ದೊರೆತದ್ದು ಪೂರ್ಣ ಎಂ. ಬಿ. ಬಿ. ಎಸ್. ಪದವಿಯಲ್ಲ, ಎಲ್. ಎಂ. ಎಸ್. ಎಂಬ ಕೆಳದರ್ಜೆಯ ಪ್ರಮಾಣಪತ್ರ. ಸರಕಾರದ ವೈದ್ಯಕೀಯ ನೌಕರಿಯ ಬಾಗಿಲೂ ತೆರೆಯಲಿಲ್ಲ. ಒಂದು ನಿಲುವಂಗಿಗೆ ತೆತ್ತ ಬೆಲೆ ಇಷ್ಟು!

ಇದಕ್ಕಿಂತಲೂ ಕಠಿನವಾದ ಪೆಟ್ಟು ಮನೆಯಲ್ಲಿಯೇ ಕಾದಿದ್ದಿತು. ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ರೋಗಕ್ಕೆ ತುತ್ತಾದರು. ಉಷ್ಣದೇಶಗಳಲ್ಲಿ ಕಾಣಿಸಿಕೊಳ್ಳುವ ಈ ರೋಗದಲ್ಲಿ ಕರುಳು ಅನ್ನದ ಸಾರವನ್ನು ಹೀರಲಾರದೆ ಹೋಗುತ್ತದೆ, ಭೇದಿಯು ನಿಲ್ಲದು, ರಕ್ತವು ಬತ್ತುತ್ತದೆ, ಉಣ್ಣುತ್ತಿದ್ದಂತೆಯೇ ಮನುಷ್ಯನು ಸೊರಗಿ ಸಾಯುತ್ತಾನೆ. ವೈದ್ಯನಾಗಲಿದ್ದ ಸಹೋದರನು ಏನೂ ಮಾಡಲಾರದೆ ನೋಡುತ್ತ ನಿಲ್ಲಬೇಕಾಯಿತು. ಕೆಲಕಾಲದ ಮೇಲೆ ಅದೇ ರೋಗವು ಸುಬ್ಬರಾಯರನ್ನೂ ಹಿಡಿಯಿತು. ಆಗ ಅವರನ್ನು ಉಳಿಸಿದ್ದು ಪಾಶ್ಚಾತ್ಯ ಔಷಧವಲ್ಲ. ಮದರಾಸಿನ ಪ್ರಸಿದ್ಧ ವೈದ್ಯರಾದ ಡಾ. ಆಚಂಟ ಲಕ್ಷ್ಮೀಪತಿಗಳ ಆಯುರ್ವೇದ ಚಿಕಿತ್ಸೆ. ಈ ಲಕ್ಷ್ಮೀಪತಿಗಳ ಧರ್ಮಪತ್ನಿಯೇ ೧೯೩೦ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದ ರುಕ್ಮಿಣೀ ಲಕ್ಷ್ಮೀಪತಿಯವರು. ಗುಣಹೊಂದಿದ ಸುಬ್ಬರಾಯರು ಲಕ್ಷ್ಮೀಪತಿಗಳ ಆಯುರ್ವೇದ ಕಾಲೇಜಿನಲ್ಲಿಯೇ ಶರೀರರಚನಾಶಾಸ್ತ್ರದ ಉಪನ್ಯಾಸಕರಾದರು.

ಇಲ್ಲಿ ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ಆಂಗ್ಲರು ಅವಮಾನಿಸಿದ್ದರು, ಆಯುರ್ವೇದವು ಪ್ರಾಣವನ್ನು ಉಳಿಸಿದ್ದಿತು. ಬೇರೊಬ್ಬರಾಗಿದ್ದರೆ ಪಾಶ್ಚಾತ್ಯ ವಿದ್ಯೆಗೆ ಶಾಪ ಹಾಕಿ, ಮೂಲಿಕೆಯ ಅಂಗಡಿಯನ್ನು ತೆರೆದು, ದೇಶಭಕ್ತರೆಂದು ಹೆಸರನ್ನೂ ಹಣವನ್ನೂ ಗಳಿಸುತ್ತಿದ್ದರು. ಸುಬ್ಬರಾಯರಾದರೋ ಮದ್ದಿನಿಂದ ಗುಣವಾಯಿತೆಂಬಲ್ಲಿಗೆ ತೃಪ್ತರಾಗಲಿಲ್ಲ. ಮದ್ದಿನೊಳಗಿನ ಯಾವ ಪದಾರ್ಥವು, ದೇಹದೊಳಗಿನ ಯಾವ ಕೊರತೆಯನ್ನು, ಯಾವ ಬಗೆಯಾಗಿ ತುಂಬಿತೆಂಬುದು ತಿಳಿಯುವ ತನಕ ಅವರ ಮನಸ್ಸಿಗೆ ನೆಮ್ಮದಿಯಿಲ್ಲವಾಯಿತು. ಅದನ್ನು ತಿಳಿಯುವ ಸಾಧನಗಳು ಆಗ ಮದರಾಸಿನಲ್ಲಿ ಇರಲಿಲ್ಲ.

ಕಾಕಿನಾಡೆಯ ಮಲ್ಲಾಡಿ ಸತ್ಯಲಿಂಗ ನಾಯಕರ ಧರ್ಮಸಂಸ್ಥೆಯ ಭರವಸೆಯನ್ನೂ, ಮಾವನವರು ಕೂಡಿಸಿದ ಹಣವನ್ನೂ ನೆಚ್ಚಿ ಅವರು ೧೯೨೦ರ ಬಳಿಕದ ಮೊದಲ ವರ್ಷಗಳಲ್ಲಿ ಅಮೆರಿಕೆಯ ಬೋಸ್ಟನ್ ನಗರಕ್ಕೆ ಹಡಗು ಹತ್ತಿದರು. ತುಂಬುಗರ್ಭಿಣಿಯಾಗಿದ್ದ ಹೆಂಡತಿಯನ್ನು ತವರಿನಲ್ಲಿ ಬಿಟ್ಟುಹೋದರು. ಹುಟ್ಟಿದ ಗಂಡುಮಗುವು ವರ್ಷ ತುಂಬುವುದರೊಳಗಾಗಿ ತೀರಿಕೊಂಡಿತು. ತಂದೆಯು ಅದರ ಮುಖವನ್ನು ಕಾಣಲಿಲ್ಲ. ಕೆಲವು ವರ್ಷಗಳಲ್ಲಿ ಬರುವೆನೆಂದು ಹೋದವರು ಮತ್ತೆ ತಾಯ್ನಾಡಿಗೆ ಬರಲೇ ಇಲ್ಲ. ಪತ್ನಿಯು ಕಾಯುತ್ತಲೇ ಉಳಿದರು. ಮಹಾಪುರುಷರ ಚರಿತ್ರೆಯನ್ನು ಬರೆಯುವವರು ಇಂತಹ ಸಂಗತಿಗಳನ್ನು ಮುಚ್ಚಿಡುವ ಪದ್ಧತಿಯುಂಟು. ನಾವು ಮುಚ್ಚಿಡುವುದಿಲ್ಲ. ಈ ವಿದ್ಯೆಯ ಬೆಲೆಯನ್ನು ತೆತ್ತವರಲ್ಲಿ ಆ ಸಾಧ್ವಿಯೂ ಒಬ್ಬರು.

ಬೋಸ್ಟನ್ನಿನಲ್ಲಿ ಅವರು ರಾತ್ರಿಯ ಹೊತ್ತು ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಚಾಕರಿ ಮಾಡಿ ಹೊಟ್ಟೆ ಹೊರೆದರು. ಹಗಲು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಉಷ್ಣದೇಶದ ರೋಗಗಳ ಶಾಸ್ತ್ರವನ್ನೂ, ಬಳಿಕ ಜೀವರಸಾಯನಶಾಸ್ತ್ರವನ್ನೂ ಕಲಿತರು. ಪ್ರಾಧ್ಯಾಪಕ ಸೈರಸ್ ಫಿಸ್ಕೆಯವರೊಡಗೂಡಿ ೧೯೨೫ರಲ್ಲಿ ರಕ್ತ ಮತ್ತು ಮೂತ್ರಗಳಲ್ಲಿರುವ ರಂಜಕವನ್ನು ಅಳೆಯುವ ವಿಧಾನವೊಂದನ್ನು ಪ್ರಕಟಿಸಿದರು. ಫಿಸ್ಕೆ-ಸುಬ್ಬರಾವ್ ವಿಧಾನವೆಂಬ ಹೆಸರಿನಿಂದ ಅದು ಲೋಕದ ಪಠ್ಯಪುಸ್ತಕಗಳನ್ನೆಲ್ಲ ಸೇರಿತು. ೧೯೨೭ರಲ್ಲಿ ಸ್ನಾಯುಗಳಲ್ಲಿ ಶಕ್ತಿಯನ್ನು ಕಾದಿಟ್ಟುಕೊಳ್ಳುವ ಫಾಸ್ಫೋಕ್ರಿಯಾಟಿನ್ ಎಂಬ ದ್ರವ್ಯವನ್ನೂ, ೧೯೨೯ರಲ್ಲಿ ಪ್ರಾಣಿಮಾತ್ರಕ್ಕೆಲ್ಲ ಚಲನಶಕ್ತಿಯ ನಾಣ್ಯದಂತಿರುವ ಎ. ಟಿ. ಪಿ. ಎಂಬುದನ್ನೂ ಬೆಳಕಿಗೆ ತಂದರು. ಎರಡನೆಯದನ್ನು ಅದೇ ವರ್ಷ ಜರ್ಮನಿಯ ಲೋಹ್ಮನ್ನರೂ ಸ್ವತಂತ್ರವಾಗಿ ಕಂಡುಹಿಡಿದರು. ೧೯೩೦ರಲ್ಲಿ ಸುಬ್ಬರಾಯರಿಗೆ ಡಾಕ್ಟರ್ ಪದವಿ ದೊರೆಯಿತು. ಸ್ಥಿರವಾದ ಅಧ್ಯಾಪಕ ಸ್ಥಾನ ಮಾತ್ರ ಹಾರ್ವರ್ಡಿನಲ್ಲಿ ದೊರೆಯಲಿಲ್ಲ. ೧೯೪೦ರಲ್ಲಿ ಅವರು ನ್ಯೂಯಾರ್ಕ್ ಪ್ರಾಂತದ ಪರ್ಲ್ ರಿವರ್ ಎಂಬಲ್ಲಿಯ ಲೆಡರ್ಲೆ ಪ್ರಯೋಗಶಾಲೆಯನ್ನು ಸೇರಿ, ಅಲ್ಲಿಯ ಸಂಶೋಧನೆಗೆಲ್ಲ ಮುಖ್ಯಸ್ಥರಾದರು.

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. ೧೯೩೦ರ ಸುಮಾರಿಗೆ ಮುಂಬಯಿಯಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು, ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರನ್ನು ಬಾಧಿಸುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಪರೀಕ್ಷಿಸುತ್ತಿದ್ದರು. ಯೀಸ್ಟ್ ಎಂಬ ಹುದುಗಿನ ಸಾರವನ್ನು ಕೊಟ್ಟೊಡನೆ ಆ ಹೆಂಗಸರು ಚೇತರಿಸಿಕೊಂಡರು. ಆ ಸಾರದಲ್ಲಿ ಹೆಸರು ತಿಳಿಯದ ಯಾವುದೋ ಸತ್ವವಿದ್ದಿತು. ೧೯೪೧ರಲ್ಲಿ ಅಮೆರಿಕೆಯ ಟೆಕ್ಸಸ್ ಪ್ರಾಂತದ ವಿಜ್ಞಾನಿಗಳು ನಾಲ್ಕು ಟನ್ನು ಪಾಲಕ್ ಸೊಪ್ಪನ್ನು ಅರೆದು ಸೋಸಿ ಅಂತಹದೇ ಸತ್ವವನ್ನು ಸ್ವಲ್ಪಮಾತ್ರ ಪಡೆದರು. ಎಲೆಗೆ ಲ್ಯಾಟಿನ್ ಭಾಷೆಯಲ್ಲಿ ಫೋಲಿಯಂ ಎನ್ನುವರಾದುದರಿಂದ ಅದಕ್ಕೆ ಫೋಲಿಕ್ ಆಮ್ಲವೆಂದು, ಎಂದರೆ ಎಲೆಯ ಹುಳಿಯೆಂದು, ಹೆಸರಿಟ್ಟರು. ಮುದಗಲ್ಲಿನ ಕೋಟೆಯ ಕೆಳಗಣ ಪೇಟೆಯಲ್ಲಿ ಕಾಯಿಪಲ್ಲೆ ಮಾರುವವರ ಬುಟ್ಟಿಯೊಳಗಿನ ಮೆಂತ್ಯ, ರಾಜಗಿರಿ, ಪಾಲಕ್ ಎಲ್ಲದರಲ್ಲಿಯೂ ಈ ಸತ್ವವಿದೆ. ನಾವು ದಿನವೂ ಉಣ್ಣುವ ತೊಗರಿ ಕಡಲೆಗಳಲ್ಲಿಯೂ ಇದೆ.

ಟನ್ನುಗಟ್ಟಲೆ ಸೊಪ್ಪಿನಿಂದ ಚಿಟಿಕೆಯಷ್ಟು ದೊರೆಯುವ ಪದಾರ್ಥದಿಂದ ಲೋಕದ ರೋಗಿಗಳಿಗೆ ಏನು ಪ್ರಯೋಜನ? ಹಾರ್ವರ್ಡಿನಲ್ಲಿದ್ದಾಗಲೇ ಪಿತ್ತಜನಕಾಂಗದ ಸಾರದಲ್ಲಿ ರಕ್ತವರ್ಧಕ ಸತ್ವವನ್ನು ಅರಸುತ್ತಿದ್ದ ಸುಬ್ಬರಾಯರು, ಲೆಡರ್ಲೆಯಲ್ಲಿ ತಮ್ಮ ಸಹೋದ್ಯೋಗಿಗಳ ದೊಡ್ಡ ತಂಡವನ್ನೇ ಈ ಕೆಲಸಕ್ಕೆ ಹೂಡಿದರು. ೧೯೪೫ರಲ್ಲಿ ಆ ತಂಡವು ಫೋಲಿಕ್ ಆಮ್ಲದ ರಚನೆಯನ್ನು ಬಿಡಿಸಿ, ಸೊಪ್ಪಿನ ಹಂಗಿಲ್ಲದೆ ಪ್ರಯೋಗಶಾಲೆಯಲ್ಲಿಯೇ ಅದನ್ನು ತಯಾರಿಸಿತು. ಆಶಾ ಕಾರ್ಯಕರ್ತೆಯರು ಇಂದು ನಮ್ಮ ಹಳ್ಳಿಗಳ ಗರ್ಭಿಣಿಯರಿಗೆ ಹಂಚುವ ಕೆಂಪು ಮಾತ್ರೆಯಲ್ಲಿ ಕಬ್ಬಿಣದೊಡನೆ ಬೆರೆತಿರುವುದು ಇದೇ ಸತ್ವ. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಸಹೋದರರಿಬ್ಬರನ್ನು ನುಂಗಿದ ಆ ಸ್ಪ್ರೂ ರೋಗಕ್ಕೆ ಫೋಲಿಕ್ ಆಮ್ಲವೇ ದಿವ್ಯೌಷಧವೆಂದು ಆಗ ಸಿದ್ಧವಾಯಿತು. ಇಪ್ಪತ್ತೈದು ವರ್ಷಗಳ ಹಿಂದೆ ಮನೆಯ ಮುಂದೆ ನಿಂತ ಪ್ರಶ್ನೆಗೆ ಸುಬ್ಬರಾಯರಿಗೆ ಹೀಗೆ ಉತ್ತರ ದೊರೆಯಿತು.

ಎಲೆಯ ಸತ್ವವು ರಕ್ತವನ್ನು ಹೆಚ್ಚಿಸುವುದಾದರೆ ರಕ್ತದ ಅರ್ಬುದವನ್ನೂ ಗುಣಪಡಿಸಬಹುದಲ್ಲವೇ? ಸಾಮಾನ್ಯಬುದ್ಧಿಗೆ ಹೀಗೆಯೇ ತೋರುತ್ತದೆ. ಇಲಿಗಳ ಮೇಲೆ ನಡೆದ ಕೆಲವು ಪ್ರಯೋಗಗಳೂ ಅಂತಹ ಆಸೆಯನ್ನು ಹುಟ್ಟಿಸಿದ್ದುವು. ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿದ್ದ ಡಾ. ಸಿಡ್ನಿ ಫಾರ್ಬರರು ಲೆಡರ್ಲೆಯಿಂದ ಬಂದ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ರಕ್ತದ ಅರ್ಬುದದಿಂದ ನರಳುತ್ತಿದ್ದ ಮಕ್ಕಳಿಗೆ ಕೊಟ್ಟು ನೋಡಿದರು. ಪರಿಣಾಮವು ವಿಪರೀತವಾಯಿತು. ರೋಗವು ಇಳಿಯುವುದಕ್ಕೆ ಬದಲಾಗಿ ಮತ್ತಷ್ಟು ಬೇಗನೆ ಹೆಚ್ಚಿತು. ಆರೋಗ್ಯವಂತನಿಗೆ ಅಮೃತವಾದ ಎಲೆಯ ಸತ್ವವು ಅರ್ಬುದದ ಪಾಲಿಗೂ ಅಮೃತವೇ ಆಗಿದ್ದಿತು!

ಕಾರಣವನ್ನು ನಾವು ತಿಳಿದಷ್ಟು ಸರಳವಾಗಿ ಹೇಳುವೆವು. ನಮ್ಮ ದೇಹವು ಕೋಟ್ಯಂತರ ಜೀವಕೋಶಗಳಿಂದಾದುದು. ಒಂದು ಕೋಶವು ಎರಡಾಗಬೇಕಾದರೆ ತನ್ನೊಳಗಿನ ವಂಶದ ಕಡತವನ್ನು, ಅಂದರೆ ಡಿ. ಎನ್. ಎ. ಎಂಬ ದೀರ್ಘಸೂತ್ರವನ್ನು, ಮೊದಲು ನಕಲು ಮಾಡಿಕೊಳ್ಳಬೇಕು. ಆ ನಕಲಿಗೆ ಬೇಕಾದ ಇಟ್ಟಿಗೆಗಳನ್ನು ತಯಾರಿಸುವುದಕ್ಕೆ ಫೋಲಿಕ್ ಆಮ್ಲವು ಅವಶ್ಯಕ. ಎಲೆಯಿಂದ ಬಂದ ಈ ಆಮ್ಲವನ್ನು ಕೋಶದೊಳಗಿನ ಒಂದು ಕಿಣ್ವವು ಹದಗೊಳಿಸಿ ಕೆಲಸಕ್ಕೆ ಒದಗಿಸುತ್ತದೆ. ಅರ್ಬುದವೆಂದರೆ ಕಟ್ಟುಪಾಡನ್ನು ಮೀರಿ ಎಡೆಬಿಡದೆ ಇಮ್ಮಡಿಸುವ ಕೋಶಗಳ ದಂಗೆ. ಆದುದರಿಂದ ಅದರ ಹಸಿವು ಹೆಚ್ಚು.

ಹಾಗಾದರೆ ಎಲೆಯ ಸತ್ವವನ್ನೇ ಹೋಲುವ, ಆದರೆ ಅದರ ಕೆಲಸವನ್ನು ಮಾಡಲಾರದ, ಒಂದು ಹುಸಿ ಸತ್ವವನ್ನು ಕೊಟ್ಟರೆ ಹೇಗೆ? ಸುಬ್ಬರಾಯರ ತಂಡವು ಫೋಲಿಕ್ ಆಮ್ಲದ ಅಣುವಿನಲ್ಲಿ ಒಂದೇ ಒಂದು ಸ್ಥಾನದ ಕೊಂಡಿಯನ್ನು ಬದಲಿಸಿ, ೧೯೪೭ರಲ್ಲಿ ಅಮಿನಾಪ್ಟೆರಿನ್ ಎಂಬ ಪದಾರ್ಥವನ್ನು ಸಿದ್ಧಪಡಿಸಿತು. ಬೀಗಕ್ಕೆ ಹೊಕ್ಕು ತಿರುಗದೆ, ಹೊರಗೂ ಬಾರದೆ ಸಿಕ್ಕಿಬೀಳುವ ಬೀಗದ ಕೈಯಂತೆ ಅದು ಆ ಕಿಣ್ವವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಿಜವಾದ ಸತ್ವಕ್ಕೆ ಎಡೆಯಿಲ್ಲದಾಗುತ್ತದೆ; ಇಟ್ಟಿಗೆಗಳು ನಿಲ್ಲುತ್ತವೆ; ಇಮ್ಮಡಿಸಹೊರಟ ಕೋಶವು ಹಸಿದು ಸಾಯುತ್ತದೆ. ೧೯೪೭ರ ದಶಂಬರದ ಕೊನೆಯಲ್ಲಿ ಫಾರ್ಬರರು ಇದನ್ನು ಮೊದಲ ಬಾರಿ ರೋಗಿಗೆ ಕೊಟ್ಟರು. ಹದಿನಾರು ಮಕ್ಕಳಲ್ಲಿ ಹತ್ತು ಮಂದಿಗೆ ಗುಣವು ಕಾಣಿಸಿಕೊಂಡಿತು. ಹಾಸಿಗೆ ಹಿಡಿದಿದ್ದ ಮಕ್ಕಳು ಎದ್ದು ಆಡಿದರು. ೧೯೪೮ರ ಜೂನ್ ೩ರಂದು ಈ ವೃತ್ತಾಂತವು ಪ್ರಕಟವಾಯಿತು.

ಉತ್ಪ್ರೇಕ್ಷೆಯನ್ನು ನಾವು ಮಾಡಬಾರದು. ಆ ಗುಣವು ಕೆಲವು ತಿಂಗಳುಗಳದು ಮಾತ್ರ. ರೋಗವು ಮರಳಿ ಬಂದಿತು. ಅಲ್ಲದೆ ಈ ಔಷಧವು ಒಳ್ಳೆಯ ಕೋಶವನ್ನೂ ಕೆಟ್ಟ ಕೋಶವನ್ನೂ ಪೂರ್ತಿಯಾಗಿ ಬೇರ್ಪಡಿಸಲಾರದು. ಬಾಯಿಯ ಒಳಪೊರೆ, ಕರುಳು, ಎಲುಬಿನ ಮಜ್ಜೆ, ಕೂದಲಿನ ಬೇರು, ಇವೆಲ್ಲ ಸಹಜವಾಗಿಯೇ ಬೇಗನೆ ಇಮ್ಮಡಿಸುವ ಕೋಶಗಳಿರುವ ಸ್ಥಳಗಳು. ಅರ್ಬುದಕ್ಕೆ ಬಿದ್ದ ಪೆಟ್ಟು ಅವುಗಳಿಗೂ ತಗಲುತ್ತದೆ. ಅರ್ಬುದದ ಔಷಧಗಳಲ್ಲಿ ಹಲವಕ್ಕೆ ಈ ದೋಷವುಂಟು. ಮುದಗಲ್ಲಿನ ಬಾಲಕನ ಬಾಯಿ ಹುಣ್ಣಾದುದಕ್ಕೂ ಕೂದಲು ಉದುರಿದುದಕ್ಕೂ ಇದೇ ಕಾರಣವಿದ್ದೀತು. ಅದನ್ನು ಕಂಡು ಔಷಧವು ಬರಿಯ ವಿಷವೆಂದು ತೀರ್ಮಾನಿಸಲಾಗದು. ಅಳತೆಯನ್ನು ಹೆಚ್ಚುಕಡಮೆ ಮಾಡಿ ಆ ಬಾಧೆಗಳನ್ನು ತಗ್ಗಿಸುವ ಉಪಾಯಗಳು ವೈದ್ಯರಲ್ಲಿವೆ; ಹಿರಿಯರು ಅವರನ್ನೇ ಕೇಳಬೇಕು.

ತಮ್ಮ ಕೆಲಸದ ಫಲವನ್ನು ಪೂರ್ತಿಯಾಗಿ ಕಾಣುವ ಭಾಗ್ಯ ಸುಬ್ಬರಾಯರಿಗೆ ಇರಲಿಲ್ಲ. ಆ ವೃತ್ತಾಂತವು ಪ್ರಕಟವಾಗಿ ಎರಡು ತಿಂಗಳು ಕಳೆಯುತ್ತಲೇ, ೧೯೪೮ರ ಆಗಸ್ಟ್ ೮ರ ರಾತ್ರಿ, ಹೃದಯಾಘಾತದಿಂದ ನಿದ್ರೆಯಲ್ಲಿಯೇ ಅವರು ತೀರಿಕೊಂಡರು. ವಯಸ್ಸು ಐವತ್ತಮೂರು. ಭಾರತವು ಸ್ವತಂತ್ರವಾಗಿ ಒಂದು ವರ್ಷವಾಗುತ್ತ ಬಂದಿದ್ದಿತು. ಮುದಗಲ್ಲು ನಿಜಾಮರ ಆಳಿಕೆಯಿಂದ ಬಿಡುಗಡೆ ಹೊಂದಲು ಇನ್ನೂ ನಾಲ್ವತ್ತು ದಿನಗಳಿದ್ದುವು. ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ಅಮೆರಿಕೆಯಲ್ಲಿದ್ದರೂ ಅವರು ಆ ದೇಶದ ಪೌರತ್ವವನ್ನು ಪಡೆಯಲಿಲ್ಲ. ಭಾರತೀಯರಾಗಿಯೇ ಕಣ್ಣು ಮುಚ್ಚಿದರು. ಆನೆಕಾಲು ರೋಗಕ್ಕೆ ಅವರ ಪ್ರಯೋಗಶಾಲೆಯಿಂದ ಹೊರಟ ಹೆಟ್ರಜಾನ್ ಎಂಬ ಔಷಧವನ್ನು, ಡಿ. ಇ. ಸಿ. ಮಾತ್ರೆಯೆಂಬ ಹೆಸರಿನಲ್ಲಿ, ಕಲ್ಯಾಣ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಮನೆಮನೆಗೂ ಹಂಚಿರುವರು. ಆರಿಯೋಮೈಸಿನ್ ಎಂಬ ಪ್ರತಿಜೀವಕವು ಅವರ ಮುಖ್ಯಸ್ಥಿಕೆಯಲ್ಲಿಯೇ ಡಗ್ಗರ್ ಎಂಬ ವೃದ್ಧ ಸಸ್ಯಶಾಸ್ತ್ರಜ್ಞರಿಂದ ಹೊರಬಂದಿತು. ಇಷ್ಟಾದರೂ ನೊಬೆಲ್ ಪಾರಿತೋಷಕ ಅವರಿಗೆ ಬರಲಿಲ್ಲ. ನಮ್ಮ ದೇಶದ ಅಂಚೆಯವರು ೧೯೯೫ರಲ್ಲಿ, ಅವರ ಶತಮಾನೋತ್ಸವದ ವರ್ಷ, ಒಂದು ಚೀಟಿಯನ್ನು ಹೊರಡಿಸಿದರು. ನಮ್ಮ ಪಠ್ಯಪುಸ್ತಕಗಳಿಗೂ ಪುರಸಭೆಗಳಿಗೂ ಈ ಮಹನೀಯರ ಹೆಸರು ಇನ್ನೂ ಪರಿಚಯವಾಗಬೇಕಾಗಿದೆ.

ಅವರು ನೆಟ್ಟದ್ದು ಮಾತ್ರ ಬೆಳೆಯಿತು. ಅಮಿನಾಪ್ಟೆರಿನ್ನಿನ ತಮ್ಮನಂತಿರುವ, ಅದಕ್ಕಿಂತ ಅಂಕೆಗೆ ಒಳಪಡುವ ಮೆಥೊಟ್ರೆಕ್ಸೇಟ್ ಎಂಬ ಔಷಧವು ಅದರ ಸ್ಥಾನಕ್ಕೆ ಬಂದಿತು. ೧೯೫೬ರಲ್ಲಿ ಗರ್ಭಕ್ಕೆ ಸಂಬಂಧಿಸಿದ ಒಂದು ಬಗೆಯ ಅರ್ಬುದವು ಇದರಿಂದ ಪೂರ್ತಿಯಾಗಿ ಗುಣವಾದುದನ್ನು ಲಿ ಮತ್ತು ಹರ್ಟ್ಸ್ ಎಂಬ ವೈದ್ಯರು ಲೋಕಕ್ಕೆ ತೋರಿಸಿದರು. ಕೀಲುವಾತಕ್ಕೂ ಇದನ್ನೇ ಅಲ್ಪಪ್ರಮಾಣದಲ್ಲಿ ವಾರಕ್ಕೊಮ್ಮೆ ಕೊಡುವರು. ಅದರ ಜೊತೆಗೆ ಫೋಲಿಕ್ ಆಮ್ಲದ ಮಾತ್ರೆಯನ್ನೂ ಬರೆದುಕೊಡುವರು. ಎಲೆಯ ಸತ್ವವೂ ಅದರ ವೈರಿಯೂ ಹೀಗೆ ಒಂದೇ ಮನೆಯ ಔಷಧದ ಡಬ್ಬಿಯಲ್ಲಿ ಕೂಡಿರುವುದುಂಟು. ವಾರಕ್ಕೊಮ್ಮೆಯೆಂದು ಹೇಳಿದ್ದನ್ನು ಮರೆತು ದಿನವೂ ನುಂಗಿ ಪ್ರಾಣಕ್ಕೆ ಎರವಾದವರೂ ಇರುವರು. ಇಂತಹ ಔಷಧಗಳಲ್ಲಿ ಪದಾರ್ಥದಷ್ಟೇ ಅಳತೆಯೂ ಮುಖ್ಯ.

ನೇರವಾಗಿ ಗಿಡದಿಂದಲೇ ಬಂದ ಔಷಧವೂ ಇಲ್ಲದಿಲ್ಲ. ನಮ್ಮಲ್ಲಿ ಸದಾಪುಷ್ಪವೆಂದೂ ಕಾಶಿಕಣಗಿಲೆಯೆಂದೂ ಕರೆಯುವ, ಬಿಳಿ ಅಥವಾ ನಸುಗೆಂಪು ಹೂವಿನ ಗಿಡವನ್ನು ಎಲ್ಲರೂ ಅಂಗಳದಲ್ಲಿ ಕಂಡಿರುವರು. ಅದರ ಎಲೆಯ ಕಷಾಯವು ಮಧುಮೇಹಕ್ಕೆ ಒಳ್ಳೆಯದೆಂಬ ಪ್ರತೀತಿಯನ್ನು ಪರೀಕ್ಷಿಸಹೊರಟ ಕೆನಡಾ ದೇಶದ ನೋಬಲ್ ಮತ್ತು ಬಿಯರ್ ಎಂಬ ವಿಜ್ಞಾನಿಗಳು, ಇಲಿಗಳಲ್ಲಿ ಬಿಳಿಯ ರಕ್ತಕಣಗಳು ಇಳಿದುಹೋದುದನ್ನು ಕಂಡರು. ಬಿಳಿಯ ಕಣಗಳು ಮಿತಿಮೀರಿದ ರೋಗಕ್ಕೆ ಇದೇ ಮದ್ದಾಗಬಹುದೆಂದು ಹೊಳೆದು, ೧೯೫೮ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅದರ ಹಿಂದೆಯೇ ವಿನ್‌ಕ್ರಿಸ್ಟಿನ್ ಬಂದು, ೧೯೬೩ರಲ್ಲಿ ಅಮೆರಿಕೆಯ ಸರಕಾರದ ಒಪ್ಪಿಗೆಯನ್ನು ಪಡೆಯಿತು. ಕೋಶವು ಎರಡಾಗುವಾಗ ವಂಶಸೂತ್ರಗಳನ್ನು ಎರಡು ಕಡೆಗೆ ಎಳೆಯುವ ಸೂಕ್ಷ್ಮವಾದ ನೂಲುಗಳಿರುತ್ತವೆ. ಆ ನೂಲುಗಳು ಕಟ್ಟಿಕೊಳ್ಳದಂತೆ ಈ ಸತ್ವವು ತಡೆಯುತ್ತದೆ. ಟನ್ನುಗಟ್ಟಲೆ ಎಲೆಯಿಂದ ದೊರೆಯುವುದು ಕೆಲವೇ ಗ್ರಾಂ. ಮನೆಯಲ್ಲಿ ಕುದಿಸಿದ ಕಷಾಯದಲ್ಲಿ ಅದೆಷ್ಟಿದೆಯೆಂದು ಬಲ್ಲವರಾರು? ಕಡಮೆಯಾದರೆ ವ್ಯರ್ಥ, ಹೆಚ್ಚಾದರೆ ನರಗಳಿಗೆ ಅಪಾಯ. ಮತ್ತೊಂದು ಮಾತು: ನಮ್ಮದೆಂದು ನಾವು ತಿಳಿದಿರುವ ಈ ಗಿಡವು ಮೂಲತಃ ಮಡಗಾಸ್ಕರ್ ದ್ವೀಪದ್ದು. ಗಿಡಗಳಿಗೆ ಸ್ವದೇಶ ಪರದೇಶಗಳ ಹಗೆತನವಿಲ್ಲ.

ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಅರ್ಬುದದ ಕೋಶಗಳನ್ನು ಕೊಲ್ಲುವ ಸತ್ವಗಳು ನೂರಾರು ಗಿಡಗಳಲ್ಲಿವೆ. ಅರಿಶಿನದ ಸತ್ವವೂ ಹಾಗೆಯೇ ಕೊಲ್ಲುತ್ತದೆ. ಆದರೆ ಉಂಡ ಅರಿಶಿನದಿಂದ ಆ ಸತ್ವವು ರಕ್ತಕ್ಕೆ ಸೇರುವುದು ಅತ್ಯಲ್ಪ. ತಟ್ಟೆಯಿಂದ ಇಲಿಗೆ, ಇಲಿಯಿಂದ ಮನುಷ್ಯನಿಗೆ ಬರುವ ದಾರಿಯಲ್ಲಿ ಹೆಚ್ಚಿನವು ಬಿದ್ದುಹೋಗುತ್ತವೆ. ಫೋಲಿಕ್ ಆಮ್ಲದ ಕಥೆಯಲ್ಲಿಯಾದರೋ ಇಲಿಗಳು ಹುಟ್ಟಿಸಿದ ಆಸೆಯೇ ಮಕ್ಕಳ ಹಾಸಿಗೆಯ ಬಳಿ ಸುಳ್ಳಾಯಿತು. ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುವ, ಇಂತಹ ಎಲೆಯು ಕ್ಯಾನ್ಸರನ್ನು ನಾಶಮಾಡುತ್ತದೆಂಬ ಸುದ್ದಿಗಳನ್ನು ಓದುವಾಗ, ಅದು ನಾಶಮಾಡಿದ್ದು ತಟ್ಟೆಯಲ್ಲಿಯೋ, ಇಲಿಯಲ್ಲಿಯೋ, ಮನುಷ್ಯನಲ್ಲಿಯೋ ಎಂದು ವಾಚಕರು ಮೊದಲು ಕೇಳಬೇಕು. ಪತ್ರಿಕೆ ನಡೆಸುವ ನಾವೂ ಅಚ್ಚು ಹಾಕುವ ಮುನ್ನ ಕೇಳಬೇಕು. ಎಲ್ಲ ಸಲವೂ ಕೇಳುವುದಿಲ್ಲವೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುವೆವು.

ಈಗ ಮುದಗಲ್ಲಿನ ಮಹನೀಯರಿಗೆ ನಮ್ಮ ಬಿನ್ನಹ. ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ರಕ್ತದ ಅರ್ಬುದಕ್ಕೆ ಈಗ ಹಲವು ಔಷಧಗಳನ್ನು ಕೂಡಿಸಿ ಎರಡು ಮೂರು ವರ್ಷಗಳ ಕಾಲ ಚಿಕಿತ್ಸೆ ನಡೆಯಿಸುವರು. ಸುಬ್ಬರಾಯರ ಮನೆತನದ ಮೆಥೊಟ್ರೆಕ್ಸೇಟ್ ಅದರಲ್ಲೊಂದು. ಸದಾಪುಷ್ಪದ ಸತ್ವವಾದ ವಿನ್‌ಕ್ರಿಸ್ಟಿನ್ ಮತ್ತೊಂದು. ೧೯೪೭ಕ್ಕೆ ಮೊದಲು ಈ ರೋಗ ಬಂದ ಮಗುವಿಗೆ ಉಳಿದಿದ್ದುದು ಕೆಲವು ತಿಂಗಳುಗಳು. ಇಂದು ಸಾಧನಸಂಪನ್ನವಾದ ದೇಶಗಳಲ್ಲಿ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುಳಿಯುವರು. ನಮ್ಮಲ್ಲಿ ಆ ಸಂಖ್ಯೆಯು ಕಡಮೆಯಾಗಲು ಒಂದು ಮುಖ್ಯ ಕಾರಣವೆಂದರೆ, ನಡುವೆಯೇ ಚಿಕಿತ್ಸೆಯನ್ನು ಬಿಟ್ಟುಬಿಡುವುದು. ಬಡತನವು ಬಿಡಿಸುತ್ತದೆ, ದೂರವು ಬಿಡಿಸುತ್ತದೆ, ಇಂತಹ ಒಳ್ಳೆಯ ಮನಸ್ಸಿನ ತಪ್ಪು ಉಪದೇಶಗಳೂ ಬಿಡಿಸುತ್ತವೆ. ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು ಮುದಗಲ್ಲಿನಿಂದ ರಾತ್ರಿಯಿಡೀ ಪ್ರಯಾಣದ ದೂರದಲ್ಲಿದೆ. ರಾಯಚೂರು ಜಿಲ್ಲೆಯ ಬಡವನು ವರ್ಷಗಟ್ಟಲೆ ಆ ಪ್ರಯಾಣವನ್ನು ಮಾಡುವುದು ಹೇಗೆಂಬುದನ್ನು ಸರಕಾರವು ಯೋಚಿಸತಕ್ಕದ್ದು. ಅಧಿಕಾರದಲ್ಲಿರುವ ನಮ್ಮ ವಾಚಕರು ಹುಡುಗನ ಮನೆಯವರಿಗೆ ಪ್ರಯಾಣದ, ವಸತಿಯ, ಔಷಧದ ವೆಚ್ಚಕ್ಕೆ ದೊರೆಯಬಹುದಾದ ಸಹಾಯವನ್ನು ತಡಮಾಡದೆ ದೊರಕಿಸಿಕೊಟ್ಟರೆ ಅದು ಎಲ್ಲ ಉಪದೇಶಗಳಿಗಿಂತಲೂ ಮೇಲಾದೀತು.

ಆ ಮನೆಯ ಹಿರಿಯರನ್ನು ನಾವು ಜರಿಯಲಾರೆವು. ಮೊಮ್ಮಗನ ನೋವನ್ನು ನೋಡಲಾರದವರ ಮಾತು ಅದು. ಎಲೆಯಲ್ಲಿ ಶಕ್ತಿಯಿದೆಯೆಂಬ ಅವರ ನಂಬಿಕ��ಯೂ ಸುಳ್ಳಲ್ಲ. ಅವರು ಅರಸುತ್ತಿರುವ ಗಿಡದ ಶಕ್ತಿಯು ಆ ಹುಡುಗನ ಸೂಜಿಮದ್ದಿನಲ್ಲಿ ಅಳತೆಗೊಂಡು ಆಗಲೇ ಬಂದಿರಬಹುದು. ಖಾದಿ ತೊಟ್ಟ ಒಬ್ಬ ಭಾರತೀಯರ ದುಡಿಮೆಯೂ ಅದರೊಡನೆ ಸೇರಿರಬಹುದು. ಪತ್ರ ಬರೆದ ಮಹನೀಯರು ಈ ಮಾತನ್ನು ಅವರಿಗೆ ಓದಿ ಹೇಳಲಿ. ಹುಡುಗನ ಮುಂದಿನ ಚಿಕಿತ್ಸೆಯ ದಿನ ಯಾವುದೆಂಬುದನ್ನು ತಿಳಿದುಕೊಂಡು, ತಾವೇ ಜೊತೆಗೂಡಿ ಹೋಗಲಿ.